ಐದು ಪೆಸೊ ಎಣ್ಣೆ

ಫಿಲಿಪೀನ್ಸಿನ ಯಾವ ಊರಿಗಾದರೂ ಹೋಗಿ, ಯಾವ ಬೀದಿಯನ್ನಾದರೂ ಹಿಡಿದು ನಡೆಯಿರಿ. ಹತ್ತು ಮನೆ ದಾಟುವುದರೊಳಗೆ ಒಂದು ಸಾರಿ-ಸಾರಿ ಅಂಗಡಿ ಎದುರಾಗುತ್ತದೆ. ಅದಕ್ಕೆಂದು ಬೇರೆ ಕಟ್ಟಡ ಇರುವುದು ಕಡಿಮೆ. ಮನೆಯ ಮುಂಗೋಣೆಯ ಕಿಟಕಿಯೇ ಅಂಗಡಿ. ಕಿಟಕಿಗೆ ಸರಳು, ಸರಳಿನ ಮೇಲೆ ತಂತಿಯ ಜಾಲರಿ, ಕೆಳಗೆ ಕೈ ತೂರುವಷ್ಟೇ ಒಂದು ಕಂಡಿ. ಜಾಲರಿಯ ಹಿಂದೆ ಶಾಂಪೂ, ಕಾಫಿಪುಡಿ, ಹಾಲಿನಪುಡಿ, ಬಟ್ಟೆ ಒಗೆಯುವ ಪುಡಿಯ ಸ್ಯಾಷೆಗಳು ಮಾಲೆಮಾಲೆಯಾಗಿ ಇಳಿಬಿದ್ದು ಒಳಗೆ ಯಾರಿದ್ದಾರೆ ಎಂಬುದೇ ಕಾಣಿಸುವುದಿಲ್ಲ. ಅಂಗಡಿಯಾಕೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಲೋ ಒಲೆಯ ಮುಂದೆಯೋ ಇರುತ್ತಾಳೆ. ಬಂದವರು ಕೈಯಲ್ಲಿನ ನಾಣ್ಯದಿಂದ ಕಟ್ಟೆಯನ್ನು ಟಕಟಕ ಬಡಿದು 'ಪಬಿಲಿ ಪೊ' ಎಂದು ರಾಗ ಎಳೆಯುತ್ತಾರೆ. ಏನೋ ಕೊಳ್ಳಬೇಕು, ಸ್ವಲ್ಪ ಬನ್ನಿ ಎಂಬ ಕರೆ ಅದು. ಬೆಳಗ್ಗೆ ಐದೂವರೆಗೆ ಶುರುವಾದ ಈ ರಾಗ ರಾತ್ರಿ ಒಂಬತ್ತರ ತನಕ ಬೀದಿಯಲ್ಲಿ ಕೇಳುತ್ತಲೇ ಇರುತ್ತದೆ. ದೇಶದಲ್ಲಿ ಇಂಥ ಅಂಗಡಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಬಹುಪಾಲನ್ನು ನಡೆಸುವವರು ಹೆಂಗಸರು.

ನನ್ನ ಯಜಮಾನರಿಗೆ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸವಿದ್ದುದರಿಂದ ನಾವು ಲಾಸ್ ಬಾನ್ಯೋಸ್‌ನಲ್ಲಿ ಸಂಸಾರ ಹೂಡಿದ್ದೆವು. ಮನಿಲಾದಿಂದ ದಕ್ಷಿಣಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್. ಊರಿನ ಬೆನ್ನಿಗೆ ಮಾಕಿಲಿಂಗ್ ಬೆಟ್ಟ, ಮುಂದೆ ಲಗೂನ ಸರೋವರ, ನಡುವೆ ವಿಶ್ವವಿದ್ಯಾಲಯ, ಬಿಸಿನೀರಿನ ಬುಗ್ಗೆಗಳು, ಎಳನೀರಿನ ಗಂಜಿಯನ್ನು ತುಂಬಿದ ಬುಕೊ ಪೈ ಮಾರುವ ಬೇಕರಿಗಳು. ನಮ್ಮ ಓಣಿಯ ತಿರುವಿನಲ್ಲಿದ್ದ ಅಂಗಡಿಯವಳನ್ನು ಓಣಿಗೆ ಓಣಿಯೇ ನಾನಾಯ್ ಎಂದು ಕರೆಯುತ್ತಿತ್ತು, ಅಮ್ಮ ಎಂದು. ಮೊದಮೊದಲು ಆಕೆ ನನ್ನನ್ನು 'ಮ್ಯಾಮ್' ಎನ್ನುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಅದು 'ಅನಾಕ್' ಆಯಿತು, ಮಗಳೇ ಎಂದು. ಆ ದೇಶದ ಸಂಸಾರದ ರೀತಿ ನನಗೆ ತಿಳಿದದ್ದೆಲ್ಲ ಬಹುಮಟ್ಟಿಗೆ ಆ ಕಟ್ಟೆಯ ಮುಂದೆ ನಿಂತೇ.

ಅಲ್ಲಿ ಎಲ್ಲವೂ ಬಿಡಿಬಿಡಿ. ಒಂದು ಮೊಟ್ಟೆ. ಎರಡು ಎಸಳು ಬೆಳ್ಳುಳ್ಳಿ. ಒಂದೇ ಈರುಳ್ಳಿ. ಅರ್ಧ ಲೋಟ ಸಕ್ಕರೆ, ಗಂಟು ಕಟ್ಟಿದ್ದು. ಮಗುವಿಗೆ ರಾತ್ರಿಗಾಗುವಷ್ಟು ಒಂದು ಡಯಪರ್. ಒಂದು ಸಿಗರೇಟು, ಹಚ್ಚಿಕೊಳ್ಳಲು ಸರಳಿಗೆ ದಾರ ಕಟ್ಟಿ ನೇತುಹಾಕಿದ ಲೈಟರ್. ಜ್ವರದ ಮಾತ್ರೆ ಒಂದು. ಇದ್ದಿಲು ಒಂದು ಪುಟ್ಟ ಚೀಲ, ಒಂದು ಹೊತ್ತಿನ ಮೀನು ಸುಡುವಷ್ಟು. ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಗಟ್ಟಿಯಾದ ಮಂಜುಗಡ್ಡೆ, ಫ್ರಿಜ್ ಇಲ್ಲದ ಮನೆಗಳಿಗಾಗಿ. ತಂಪು ಪಾನೀಯದ ಗಾಜಿನ ಸೀಸೆಯನ್ನು ಕಂಪನಿಗೆ ವಾಪಸು ಕೊಡಬೇಕು, ಮನೆಗೆ ಒಯ್ಯಬೇಕಾದರೆ ಠೇವಣಿ ಇಡಬೇಕು. ಅದಕ್ಕೆ ಪಾನೀಯವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಒಂದು ಸ್ಟ್ರಾ ಚುಚ್ಚಿ ಕೊಡುವುದು. ಶಾಲೆ ಬಿಟ್ಟ ಹುಡುಗರು ಚೀಲದ ಕುತ್ತಿಗೆ ಹಿಡಿದು ಹೀರುತ್ತಾ ಹೋಗುತ್ತಾರೆ. ಹೀಗೆ ಬಿಡಿಯಾಗಿ ಕೊಳ್ಳುವ ಪದ್ಧತಿಗೆ ಅವರು ತಿಂಗಿ ಎನ್ನುತ್ತಾರೆ. ಮೊಬೈಲ್ ಬಂದಾಗಲೂ ಅದೇ ಹಾದಿ. 2003ರ ಸುಮಾರಿಗೆ ಅಲ್ಲಿನ ಫೋನ್ ಕಂಪನಿಗಳು ಕಾರ್ಡು ಬಿಟ್ಟು, ಅಂಗಡಿಯವಳ ಫೋನಿನಿಂದಲೇ ಗಿರಾಕಿಯ ಫೋನಿಗೆ ಸಣ್ಣ ಮೊತ್ತದ 'ಲೋಡ್' ಕಳಿಸುವ ಏರ್ಪಾಡು ಮಾಡಿದವು. ಒಂದು ದಿನ ಮಾತಾಡುವಷ್ಟು ದುಡ್ಡಿದ್ದವನಿಗೆ ಒಂದು ದಿನದ ಫೋನು.

ಎಣ್ಣೆ ಕಟ್ಟುವುದನ್ನು ನೋಡುವುದು ನನಗೆ ಬಲು ಇಷ್ಟವಾಗಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ನಾನಾಯ್ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದಳು. ಪಕ್ಕದಲ್ಲಿ ದೊಡ್ಡ ಡಬ್ಬಿ, ಮಡಿಲಲ್ಲಿ ತೆಳುವಾದ ಪಾರದರ್ಶಕ ಚೀಲಗಳ ಕಟ್ಟು. ಹೆಬ್ಬೆರಳಿಗೆ ಉಗುಳು ಸೋಕಿಸದೆ, ಒದ್ದೆ ಬಟ್ಟೆಗೆ ಒತ್ತಿ ಒಂದು ಚೀಲ ಬಿಡಿಸುವಳು. ಬಾಯಿಗೆ ಊದಿ ಅಗಲಿಸದೆ ಎರಡು ಬೆರಳು ತೂರಿಸಿ ಅಗಲಿಸುವಳು. ಸೌಟಿನಿಂದ ಎಣ್ಣೆ ಬಿಟ್ಟು, ಚೀಲವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಂದೆರಡು ಹನಿ ಸೇರಿಸಿ ಅಥವಾ ವಾಪಸು ಸುರಿದು, ಬಾಯಿಯನ್ನು ಗರ್ರನೆ ತಿರುಗಿಸಿ ತೋರುಬೆರಳಿಗೆ ಸುತ್ತಿ ಗಂಟು ಎಳೆಯುವಳು. ಅಳತೆಯ ಪಾತ್ರೆ ಏನೂ ಇಲ್ಲ. ಬೋಗುಣಿಯಲ್ಲಿ ಸಾಲಾಗಿ ಕೂತ ಪೊಟ್ಟಣಗಳು ದೊಡ್ಡ ಗೋಲಿಗಳ ಹಾಗೆ ಹೊಳೆಯುತ್ತಿದ್ದವು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದೆ. ಇದು ಐದು ಪೆಸೊ ಎಣ್ಣೆ. ಇನ್ನೊಂದು ಬೋಗುಣಿಯಲ್ಲಿ ಸೋಯಾ ಸಾಸು, ಮತ್ತೊಂದರಲ್ಲಿ ವಿನೆಗರ್. ಬೇಡಿಕೆ ಹೆಚ್ಚಾಗಿ ಎಣ್ಣೆಯ ಬೆಲೆ ಏರಿದರೆ ಐದು ಪೆಸೊ ಐದಾಗಿಯೇ ಉಳಿಯುತ್ತಿತ್ತು, ಪೊಟ್ಟಣ ಸ್ವಲ್ಪ ಸೊರಗುತ್ತಿತ್ತು. ಓಣಿಯ ಹೆಂಗಸರು ಪೇಪರು ಓದದೆಯೇ ಬೆಲೆಯೇರಿಕೆಯನ್ನು ಅಂಗೈಯಲ್ಲಿ ತೂಗಿ ತಿಳಿಯುತ್ತಿದ್ದರು.

'ಒಂದು ಲೀಟರು ಒಟ್ಟಿಗೆ ತಂದರೆ ಅಗ್ಗವಲ್ಲವೇ? ಮುಂದಾಲೋಚನೆ ಇಲ್ಲದ ಜನ' ಎಂದು ಇದನ್ನು ನೋಡಿದ ನಮ್ಮವರು, ಓದಿದವರು, ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಲೀಟರಿನ ಲೆಕ್ಕ ಸರಿಯೇ ಇರಬಹುದು. ಆದರೆ ಅದು ಒಂದು ಲೀಟರಿನ ದುಡ್ಡು ಒಂದೇ ಸಲಕ್ಕೆ ಕೈಯಲ್ಲಿರುವವರ ಲೆಕ್ಕ. ನಮ್ಮ ಓಣಿಯಲ್ಲಿ ಹೆಚ್ಚಿನವರು ಟ್ರೈಸಿಕಲ್ ಓಡಿಸುವವರು. ಮೋಟಾರು ಸೈಕಲ್ಲಿನ ಪಕ್ಕಕ್ಕೆ ಗೂಡು ಕಟ್ಟಿದ ಆ ಗಾಡಿ ಅವರದಲ್ಲ. ಗಾಡಿಯ ಧಣಿಗೆ ದಿನಕ್ಕಿಷ್ಟು ಎಂದು ಕೊಡಬೇಕು, ಅದಕ್ಕೆ 'ಬೌಂಡರಿ' ಎಂದು ಹೆಸರು. ಅದನ್ನು ತೆತ್ತು, ಪೆಟ್ರೋಲಿನ ದುಡ್ಡು ಕಳೆದು ಉಳಿದದ್ದು ಮನೆಗೆ. ಸಂಜೆ ಆರಕ್ಕೆ ಗಂಡ ತಂದ ಆ ನಾಣ್ಯಗಳನ್ನು ಹೆಂಡತಿ ಅಂಗಡಿಯ ಕಟ್ಟೆಯ ಮೇಲೆ ಹರಡಿ ಅಕ್ಕಿಗೆ ಇಷ್ಟು, ಎಣ್ಣೆಗೆ ಇಷ್ಟು, ನಾಳೆ ಮಗನ ಶಾಲೆಯ ದಾರಿಖರ್ಚಿಗೆ ಇಷ್ಟು ಎಂದು ಬೆರಳಿಂದ ಬೇರೆ ಮಾಡುತ್ತಿದ್ದಳು. ದಿನದ ಗಳಿಕೆಗೆ ದಿನದ ಅಳತೆಯ ಖರೀದಿ. ಇದಕ್ಕಿಂತ ಕರಾರುವಾಕ್ಕಾದ ಆಯವ್ಯಯ ನಾನು ಕಂಡಿಲ್ಲ.

ಸಂಬಳದವರ ಪಾಡೂ ಬಹಳ ಬೇರೆಯಲ್ಲ. ತಿಂಗಳಿಗೆ ಎರಡು ಸಲವಾದರೂ ಕೂಲಿ ಕೊಡಬೇಕೆಂದು ಅಲ್ಲಿನ ಕಾರ್ಮಿಕ ಕಾನೂನು ಹೇಳುತ್ತದೆ. ಹಾಗಾಗಿ ಹದಿನೈದನೇ ತಾರೀಖು, ಮೂವತ್ತನೇ ತಾರೀಖು ಬಂತೆಂದರೆ ಎಟಿಎಂಗಳ ಮುಂದೆ ಸಾಲು, ಮಾಲುಗಳಲ್ಲಿ ಸೇಲು, ಹುರಿದ ಕೋಳಿಯ ಹೋಟೆಲುಗಳಲ್ಲಿ ಮಕ್ಕಳ ಗಲಾಟೆ. ಅದರ ಹಿಂದಿನ ನಾಲ್ಕೈದು ದಿನಗಳನ್ನು 'ಪೆತ್ಸಾ ದೆ ಪೆಲಿಗ್ರೊ' ಎನ್ನುತ್ತಾರೆ, ಅಪಾಯದ ತಾರೀಖುಗಳು ಎಂದು. ಆ ದಿನಗಳಲ್ಲಿ ಶಾಲೆಯ ಟೀಚರೂ, ಕಚೇರಿಯ ಗುಮಾಸ್ತನೂ ನಾನಾಯ್‌ಳ ಕಟ್ಟೆಗೆ ಬಂದು ಅರ್ಧ ಕಿಲೋ ಅಕ್ಕಿ, ಒಂದು ಡಬ್ಬಿ ಸಾರ್ಡೀನ್ ಮೀನು ಕೇಳುವರು.

ಇನ್ನೊಂದು ಮಾತನ್ನು ನಾನಾಯ್ ಹೇಳಿದಳು. ಮನೆಯಲ್ಲಿ ಎಣ್ಣೆಯ ಸೀಸೆ ಇದ್ದರೆ ಕೈ ಧಾರಾಳವಾಗುತ್ತದೆ, ಮಗಳೇ. ಪೊಟ್ಟಣವಾದರೆ ಅದಕ್ಕೇ ತೀರುತ್ತದೆ. ಇರುವೆ, ಇಲಿ, ಮಳೆಗಾಲದ ಶೀತ, ಒಂದೇ ಕೋಣೆಯಲ್ಲಿ ಆರು ಜನ. ಸಾಮಾನು ಕೂಡಿಡಲು ಅಂಥ ಮನೆಗಳಲ್ಲಿ ಜಾಗವೆಲ್ಲಿ? ಹಾಗಾಗಿ ಓಣಿಯ ಉಗ್ರಾಣ ಒಂದೇ, ಅದು ನಾನಾಯ್‌ಳ ಮನೆ. ಮೂವತ್ತು ಮನೆಗೆ ಸೇರಿದ ಎಣ್ಣೆ, ಅಕ್ಕಿ, ಸಕ್ಕರೆ ಅಲ್ಲಿರುತ್ತದೆ. ಬೇಕಾದಾಗ ಬಂದು ಒಯ್ಯುತ್ತಾರೆ. ಅಗ್ಗದ ಲೆಕ್ಕದವರು ದುಬಾರಿ ಎನ್ನುವ ಆ ಒಂದೆರಡು ಪೆಸೊ ಉಗ್ರಾಣದ ಬಾಡಿಗೆ, ಕಟ್ಟಿದ ಕೈಯ ಕೂಲಿ. ಅವಳೂ ಪೇಟೆಯ ಸೂಪರ್ ಮಾರ್ಕೆಟ್ಟಿನಿಂದ ಬಿಡಿ ಗಿರಾಕಿಯಂತೆಯೇ ಕೊಂಡು, ಜೀಪ್ನಿ ಎಂಬ ಬಾಡಿಗೆ ಗಾಡಿಯ ಮೇಲೆ ಹೇರಿಸಿಕೊಂಡು ತರುವವಳು.

ಮಾರುಕಟ್ಟೆಗೆ, ಅವರ ಪಲೆಂಗ್ಕೆಗೆ, ಬೆಳಗ್ಗೆ ಹೋಗಬೇಕು. ಒಳಹೊಕ್ಕರೆ ನೆಲವೆಲ್ಲ ಒದ್ದೆ, ಮೀನಿನವರ ಬಕೆಟಿನ ನೀರು. ಶಾಕಾಹಾರಿಯಾದ ನಾನು ಆ ಸಾಲನ್ನು ಬೇಗ ದಾಟಿ ತರಕಾರಿಯ ಕಡೆಗೆ ತಿರುಗುತ್ತಿದ್ದೆ. ಅಲ್ಲಿ ಊರಿಗೆ ಬಂದಂತಾಗುತ್ತಿತ್ತು: ಬದನೆ, ಬೆಂಡೆ, ಹಾಗಲ, ಅಲಸಂದೆ, ಸೀಮೆಬದನೆ, ಹುಣಿಸೆ, ತೆಂಗು. ತಕ್ಕಡಿ ಇದ್ದರೂ ಹಲವರು ಗುಡ್ಡೆ ಹಾಕಿಯೇ ಮಾರುತ್ತಾರೆ, ನಮ್ಮ ಸಂತೆಗಳಲ್ಲಿ ಗುಡ್ಡೆಗೆ ಹತ್ತು ಎಂದು ಕೂಗುವಂತೆಯೇ. ಐದು ಟೊಮೇಟೊ ಒಂದು ಗುಡ್ಡೆ, ಆರು ನಿಂಬೆಯಂಥ ಕಲಮಾನ್ಸಿ ಒಂದು ಗುಡ್ಡೆ. ಪಿನಾಕ್ಬೆಟ್ ಎಂಬ ಪಲ್ಯಕ್ಕೆ ಬೇಕಾದ ಕುಂಬಳ, ಬದನೆ, ಹಾಗಲ, ಬೆಂಡೆ, ಅಲಸಂದೆ ಐದನ್ನೂ ಹೆಚ್ಚಿ ಒಂದೇ ಚೀಲದಲ್ಲಿ ಕಟ್ಟಿಟ್ಟಿರುತ್ತಾರೆ; ಇಡೀ ಕುಂಬಳಕಾಯಿ ಯಾರು ಒಯ್ಯುತ್ತಾರೆ? ಖಾಯಂ ಗಿರಾಕಿಗೂ ಖಾಯಂ ಮಾರುವವಳಿಗೂ ಅಲ್ಲಿ ಒಂದೇ ಹೆಸರು, ಸೂಕಿ. ಒಮ್ಮೆ ಸೂಕಿಯಾದಿರೋ ಪಕ್ಕದ ಅಂಗಡಿಯ ಬದನೆ ಎಷ್ಟೇ ಹೊಳೆಯಲಿ, ಕಣ್ಣೆತ್ತಿ ನೋಡುವಂತಿಲ್ಲ. ಪ್ರತಿಯಾಗಿ ಆಕೆ ಹುಳುಕಿನದನ್ನು ನಿಮ್ಮ ಚೀಲಕ್ಕೆ ಹಾಕುವುದಿಲ್ಲ, ಮೇಲೆ ಒಂದು ಹಿಡಿ ಸೊಪ್ಪಿನ ಕೊಸರು. ನುಗ್ಗೆಸೊಪ್ಪನ್ನಂತೂ ನಾನು ದುಡ್ಡು ಕೊಟ್ಟು ತಂದದ್ದು ಅಪರೂಪ. ಅದು ಮಲುಂಗ್ಗಾಯ್, ಬೇಲಿ ಇದ್ದಲ್ಲೆಲ್ಲ ಇರುತ್ತದೆ. ಕೇಳಿದರೆ ಕೊಂಬೆಯನ್ನೇ ಮುರಿದು ಕೊಡುವರು.

ಅದೇ ಮಾರುಕಟ್ಟೆಯ ಹುಣಿಸೆಯ ಗುಡ್ಡೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿದ್ದವು. ಸಿನಿಗಾಂಗ್ ಎಂಬ ಹುಳಿಸಾರು ಆ ದೇಶದ ಪ್ರಾಣ. ಹಸಿ ಹುಣಿಸೆಕಾಯನ್ನು ಬೇಯಿಸಿ, ಹಿಸುಕಿ, ಸೋಸಿ ರಸ ತೆಗೆದು ಮಾಡಬೇಕಾದದ್ದು. ಈಗ ಒಂದು ಸ್ಯಾಷೆ ಹರಿದು ಸುರಿದರೆ ಹುಳಿ, ಉಪ್ಪು, ರುಚಿಪುಡಿ ಎಲ್ಲವೂ ಒಟ್ಟಿಗೇ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಏಳು ಗಂಟೆಗೆ ಬಂದು ಎಂಟಕ್ಕೆ ಊಟಕ್ಕೆ ಬಡಿಸಬೇಕಾದ ಹೆಂಗಸಿಗೆ ಅದರಿಂದ ಉಳಿಯುವ ಸಮಯವನ್ನು ನಾನು ಹಗುರವಾಗಿ ನೋಡಲಾರೆ. ಆದರೂ ಪಕ್ಕದ ಮನೆಯ ಮುದುಕಿ ತನ್ನ ಹಿತ್ತಿಲ ಮರದ ಕಾಯಿ ಹಿಸುಕಿ ಮಾಡಿದ ಸಾರಿನ ವಾಸನೆ ಗೋಡೆ ದಾಟಿ ಬಂದಾಗ, ಅದರಲ್ಲಿ ಮೀನಿದ್ದರೂ, ನನ್ನ ಬಾಯಲ್ಲಿ ನೀರೂರುತ್ತಿತ್ತು.

ಅಕ್ಕಿಯ ಮಾತು ಬಂದರೆ ನಾನು ಸ್ವಲ್ಪ ನಿಲ್ಲಲೇಬೇಕು. ಬಿಗಾಸನ್ ಎಂಬ ಅಕ್ಕಿ ಅಂಗಡಿಗಳಲ್ಲಿ ಮರದ ಪೆಟ್ಟಿಗೆಗಳ ಸಾಲು; ಪ್ರತಿಯೊಂದರಲ್ಲೂ ಅಕ್ಕಿಯನ್ನು ಚೂಪಾಗಿ ರಾಶಿ ಮಾಡಿ, ತುದಿಗೆ ಬೆಲೆಯ ರಟ್ಟು ಚುಚ್ಚಿರುತ್ತಾರೆ. ಸಿನಾಂದೊಮೆಂಗ್, ದಿನೊರಾದೊ, ಜಾಸ್ಮಿನ್ ಎಂದು ಹೆಸರುಗಳು. ಬಂದವರು ಚಿಟಿಕೆ ಅಕ್ಕಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ, ಒಂದು ಕಾಳು ಕಚ್ಚಿ ನೋಡುತ್ತಾರೆ. ಒಂದು ಕಿಲೋ ಕೊಳ್ಳುವವನಿಗೂ ಆ ಪರೀಕ್ಷೆಯ ಹಕ್ಕು ಪೂರ್ತಿ ಇದೆ. ಅಲ್ಲಿಂದ ಕೂಗಳತೆಯಲ್ಲಿ ನಮ್ಮ ಯಜಮಾನರ ಸಂಸ್ಥೆ. 1960ರಲ್ಲಿ ಶುರುವಾದದ್ದು. 1966ರಲ್ಲಿ ಐಆರ್ 8 ಎಂಬ ಗಿಡ್ಡ ತಳಿ ಬಿಡುಗಡೆಯಾದದ್ದು ಇಲ್ಲಿಂದ. 1985ರ ಐಆರ್ 64 ಕೂಡ ಇಲ್ಲಿನದೇ. ದಾವಣಗೆರೆ, ಶಿವಮೊಗ್ಗದ ಕಡೆಯ ಗದ್ದೆಗಳಲ್ಲಿ ರೈತರು ಅದೇ ಹೆಸರಿನಿಂದ ಕರೆದು ಬೆಳೆದ ಭತ್ತ. ನಮ್ಮ ಎಂ.ಎಸ್. ಸ್ವಾಮಿನಾಥನ್ ಅವರು 1982ರಿಂದ 1988ರವರೆಗೆ ಇದರ ಮಹಾನಿರ್ದೇಶಕರಾಗಿದ್ದರು. ಜಗತ್ತಿನ ಅನ್ನದ ಚಿಂತೆಯನ್ನು ಹೊತ್ತ ಆ ಕಟ್ಟಡಗಳಿಂದ ಕಾಲ್ನಡಿಗೆಯ ದೂರದಲ್ಲಿ ಅಕ್ಕಿ ಅರ್ಧರ್ಧ ಕಿಲೋ ಲೆಕ್ಕದಲ್ಲಿ ಮನೆ ಸೇರುತ್ತಿತ್ತು ಎಂಬುದು ನನ್ನನ್ನು ಕಾಡದೆ ಬಿಟ್ಟಿಲ್ಲ. ಕಣಜ ತುಂಬಿದ ಮಾತ್ರಕ್ಕೆ ಮಡಕೆ ತುಂಬುವುದಿಲ್ಲ. ಸಂಜೆಯ ನಾಣ್ಯಗಳು ಅಷ್ಟೇ ಇದ್ದರೆ ಅಕ್ಕಿಯೂ ಅಷ್ಟೇ.

ಬೇಯಿಸುವ ಕ್ರಮ ನಮ್ಮಜ್ಜಿಯದೇ. ತೊಳೆದ ಅಕ್ಕಿಯ ಮೇಲೆ ಬೆರಳ ತುದಿ ಊರಿ, ಮೊದಲ ಗೆಣ್ಣಿನ ತನಕ ನೀರು. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ಸಿನಾಂಗಾಗ್ ಆಗುತ್ತದೆ. ನೆನಪಿದೆಯಲ್ಲ, ಎರಡು ಎಸಳು ಬೆಳ್ಳುಳ್ಳಿ, ಐದು ಪೆಸೊ ಎಣ್ಣೆ? ಆ ಎರಡೂ ಇದಕ್ಕೇ. ಬೆಳಗಿನ ಆರು ಗಂಟೆಗೆ ಓಣಿಯ ಉದ್ದಕ್ಕೂ ಮನೆಮನೆಯಿಂದ ಬೆಳ್ಳುಳ್ಳಿ ಕೆಂಪಗಾಗುವ ಘಮ ಹೊರಟು, ಸೈಕಲ್ಲಿನಲ್ಲಿ ಹಾರ್ನು ಒತ್ತುತ್ತಾ ಬರುವ ಪಾಂದೆಸಾಲ್ ಬನ್ನಿನವನ ಬಿಸಿ ಬ್ರೆಡ್ಡಿನ ಘಮದೊಂದಿಗೆ ಸೇರುತ್ತಿತ್ತು. ಹಿಂದೆಯೇ ಹೆಗಲ ಮೇಲಿನ ಅಡ್ಡೆಗೆ ಎರಡು ಅಲ್ಯೂಮಿನಿಯಂ ಕೊಳಗ ತೂಗಿಸಿಕೊಂಡು 'ತಹೋ' ಎಂದು ಎಳೆದು ಕೂಗುವವನು. ಒಂದರಲ್ಲಿ ಮೊಸರಿನಷ್ಟು ಮೆತ್ತನೆಯ ಬಿಸಿ ಸೋಯಾ ಹಾಲಿನ ಗಡ್ಡೆ, ಇನ್ನೊಂದರಲ್ಲಿ ಬೆಲ್ಲದ ಬಣ್ಣದ ಪಾಕ ಮತ್ತು ಸಾಬೂದಾನಿ. ನನಗೆ ಆ ದೇಶದಲ್ಲಿ ಯಾವ ಅನುಮಾನವೂ ಇಲ್ಲದೆ ತಿನ್ನಬಹುದಾಗಿದ್ದ ಬೆಳಗಿನ ತಿಂಡಿ ಅದು.

ಮನೆಯೊಳಗಿನ ಸಾಮಾನುಗಳಲ್ಲೂ ಅಪರಿಚಿತವೆನ್ನಿಸಿದ್ದು ಕಡಿಮೆ. ಬಚ್ಚಲಲ್ಲಿ ತಾಬೊ ಎಂಬ ಹಿಡಿಯ ಮಗ್ಗು. ದೊಡ್ಡ ಬಂಗಲೆಯಲ್ಲೂ, ಶವರ್ ಇದ್ದರೂ, ಅದಿಲ್ಲದೆ ಸ್ನಾನ ಮುಗಿಯದು. ಅಂಗಳಕ್ಕೆ ತೆಂಗಿನ ಕಡ್ಡಿಪೊರಕೆ, ಒಳಮನೆಗೆ ಮೆತ್ತನೆಯ ಹುಲ್ಲುಪೊರಕೆ. ತೆಂಗಿನಕಾಯಿಯ ಅರ್ಧ ಸಿಪ್ಪೆಯನ್ನು ಕಾಲಡಿ ಇಟ್ಟು, ಸೊಂಟ ಆಡಿಸುತ್ತಾ, ಮರದ ನೆಲವನ್ನು ಕನ್ನಡಿ ಮಾಡುವ ಹೆಣ್ಣುಮಕ್ಕಳನ್ನು ಹಳೆಯ ಮನೆಗಳಲ್ಲಿ ಇಂದಿಗೂ ಕಾಣಬಹುದು.

ನಾನಾಯ್‌ಳ ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಒಂದು ನೋಟುಪುಸ್ತಕ. ಮೂಲೆಗಳು ಮಡಚಿ, ಎಣ್ಣೆ ಕುಡಿದು ಹಾಳೆಗಳು ಕಂದಿದ್ದವು. ಲಿಸ್ತಾ ಎನ್ನುವ ಅದು ಉದ್ದರಿಯ ಪುಸ್ತಕ. 'ಇಂದು ನಗದು, ನಾಳೆ ಉದ್ದರಿ' ಎಂಬರ್ಥದ ಬೋರ್ಡು ಜಾಲರಿಗೆ ನೇತಾಡುತ್ತಿದ್ದರೂ ಪುಸ್ತಕಕ್ಕೆ ಬಿಡುವಿರಲಿಲ್ಲ. ಯಾರ ಹೆಸರಿನ ಮುಂದೆ ಎಷ್ಟು ಎಂಬುದು ಅವಳೊಬ್ಬಳಿಗೆ ಗೊತ್ತು. ಇನ್ನೊಬ್ಬರು ಕಟ್ಟೆಯಲ್ಲಿದ್ದಾಗ ಬಾಕಿಯ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಒಬ್ಬ ಟ್ರೈಸಿಕಲ್ ಚಾಲಕನಿಗೆ ಕಾಲು ಮುರಿದಿತ್ತು. ಅವನ ಪುಟ ತುಂಬಿ, ಮುಂದಿನ ಪುಟಕ್ಕೆ ಹೋಯಿತು. ಅವನ ಹೆಂಡತಿ ಕಟ್ಟೆಗೆ ಬರಲು ಹಿಂಜರಿದಾಗ ನಾನಾಯ್ ಮೊಮ್ಮಗನ ಕೈಯಲ್ಲಿ ಅಕ್ಕಿ ಕಳಿಸಿದಳು, ಪುಸ್ತಕದಲ್ಲಿ ಬರೆದೇ ಕಳಿಸಿದಳು. ಬರೆಯದೆ ಕೊಟ್ಟರೆ ಅವರು ನಾಳೆಯಿಂದ ನನ್ನ ಅಂಗಡಿಗೆ ಬರುವುದಿಲ್ಲ ಎಂದಳು.

ಲಿಸ್ತಾ ತಡೆಯಲಾರದಷ್ಟು ದೊಡ್ಡ ಸಾಲ ಬೇಕಾದರೆ ನಮ್ಮವರೇ ಇದ್ದಾರೆ. ಮೋಟಾರು ಸೈಕಲ್ಲಿನಲ್ಲಿ ಓಣಿ ಓಣಿ ತಿರುಗುವ ಪಂಜಾಬಿಗಳು. ಐದು ಕೊಟ್ಟು ಆರು ಪಡೆಯುವುದರಿಂದ ಆ ವ್ಯವಹಾರಕ್ಕೆ 'ಐದು-ಆರು' ಎಂದೇ ಹೆಸರು. ದಿನದಿನವೂ ಬಂದು ಕಂತು ಎತ್ತುತ್ತಾರೆ. ಸೊಳ್ಳೆಪರದೆ, ಛತ್ರಿ, ಫ್ಯಾನುಗಳನ್ನೂ ಕಂತಿನ ಮೇಲೆ ಕೊಡುತ್ತಾರೆ. ಭಾರತದಿಂದ ಬಂದವರೆಲ್ಲ ಅಲ್ಲಿ ಬುಂಬಾಯ್. ಊಟ ಮಾಡದ ಮಗುವಿಗೆ 'ಬುಂಬಾಯ್ ಹಿಡಿದುಕೊಂಡು ಹೋಗ್ತಾನೆ' ಎಂದು ಹೆದರಿಸುವ ತಾಯಂದಿರು ನನ್ನನ್ನು ಕಂಡು ಸಂಕೋಚದಿಂದ ನಕ್ಕದ್ದುಂಟು. 2017ರಲ್ಲಿ ಸರಕಾರ ಈ ಬಡ್ಡಿಗೆ ಬದಲಾಗಿ ಸಣ್ಣ ವ್ಯಾಪಾರಿಗಳಿಗೆ ಕಡಿಮೆ ಬಡ್ಡಿಯ ಸಾಲದ ಯೋಜನೆ ತಂದಿತು. ಆದರೆ ಬ್ಯಾಂಕು ಕೇಳುವ ಕಾಗದಪತ್ರ ಒದಗಿಸಲಾರದವಳಿಗೆ, ಅವಳ ಬಾಗಿಲಿಗೇ ಬಂದು ನಿಲ್ಲುವವನು ಸುಲಭ. ಇದಕ್ಕಿಂತ ಹೆಂಗಸರು ತಮ್ಮತಮ್ಮಲ್ಲೇ ನಡೆಸುವ ಪಲುವಾಗನ್ ನನಗೆ ಮೆಚ್ಚು. ಹತ್ತು ಮಂದಿ ವಾರವಾರ ಇಷ್ಟಿಷ್ಟು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಒಟ್ಟು ಮೊತ್ತ ಎತ್ತುವುದು. ನಮ್ಮ ಕೈಚೀಟಿಯೇ, ಹರಾಜು ಒಂದಿಲ್ಲ ಅಷ್ಟೆ. ಯಾರ ಮಗಳ ಕಾಲೇಜು ಫೀಸು ಯಾವ ತಿಂಗಳು ಎಂದು ನೋಡಿ ಸರದಿ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು.

ಬಿಡಿ ಖರೀದಿಯ ಈ ಜನ ಕೈತುಂಬ ಕೊಳ್ಳುವ ಕಾಲವೂ ಇದೆ. ಸೆಪ್ಟೆಂಬರ್ ಒಂದನೇ ತಾರೀಖಿಗೇ ಅಲ್ಲಿ ಕ್ರಿಸ್ಮಸ್ ಹಾಡು ಶುರು. 1975ರ ಆದೇಶವೊಂದರಂತೆ ನೌಕರರಿಗೆ ಹದಿಮೂರನೆಯ ತಿಂಗಳ ಸಂಬಳ ಡಿಸೆಂಬರ್ 24ರ ಒಳಗೆ ಕೈ ಸೇರಬೇಕು. ಹೊರದೇಶಗಳಲ್ಲಿ ನರ್ಸು, ನಾವಿಕ, ಮನೆಗೆಲಸದವರಾಗಿರುವ ಮಕ್ಕಳಿಂದ ಹಡಗಿನಲ್ಲಿ ಬಾಲಿಕ್ಬಾಯನ್ ಪೆಟ್ಟಿಗೆಗಳು ಬರುತ್ತವೆ. ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ, ಸುತ್ತ ಅಂಟುಪಟ್ಟಿ. ಸೋಪು, ಟವೆಲು, ಚಾಕೊಲೇಟು, ಡಬ್ಬಿ ಮಾಂಸ, ಲೋಷನ್ನು, ಯಾರಿಗೋ ಅಂದಾಜಿನ ಮೇಲೆ ಕೊಂಡ ಬೂಟು. 2015ರಲ್ಲಿ ಸುಂಕದ ಅಧಿಕಾರಿಗಳು ಈ ಪೆಟ್ಟಿಗೆಗಳನ್ನು ಬಿಚ್ಚಿ ತಪಾಸಣೆ ಮಾಡುತ್ತೇವೆಂದಾಗ ದೇಶವೇ ಸಿಡಿದೆದ್ದಿತು. ಮರುವರ್ಷ ಸುಂಕವಿನಾಯಿತಿಯ ಮಿತಿಯನ್ನು 1,50,000 ಪೆಸೊಗಳಿಗೆ ಏರಿಸುವ ಕಾನೂನೇ ಬಂತು. ನಾನಾಯ್‌ಳ ಮಗಳು ಗಲ್ಫ್‌ನಲ್ಲಿದ್ದಳು. ಪೆಟ್ಟಿಗೆ ಬಂದ ದಿನ ನಾನು ಅಲ್ಲಿದ್ದೆ. ಚಾಪೆಯ ಮೇಲೆ ಎಲ್ಲವನ್ನೂ ಹರಡಿ, ಚಾಕೊಲೇಟಿನ ದೊಡ್ಡ ಚೀಲವನ್ನು ಬಿಚ್ಚಿ ಮನೆಗೆ ಐದರಂತೆ ಎಣಿಸಿ ಪೊಟ್ಟಣ ಕಟ್ಟಿದಳು. ಎಣ್ಣೆಗೆ ಹಾಕುವ ಅದೇ ಗಂಟು. ಸೋಪು ಒಬ್ಬೊಬ್ಬರಿಗೆ ಒಂದೊಂದು. ಸಂಜೆಯೊಳಗೆ ಪೆಟ್ಟಿಗೆ ಖಾಲಿ. ಅವಳಿಗೆ ಉಳಿದದ್ದು ಒಂದು ಟವೆಲು.

2014ರ ಜುಲೈ 16ರಂದು ಗ್ಲೆಂಡಾ ಎಂಬ ಚಂಡಮಾರುತ ನಮ್ಮ ಪ್ರಾಂತ್ಯದ ಮೇಲೆ ಹಾದುಹೋಯಿತು. ಮರಗಳು ರಸ್ತೆಗಡ್ಡ ಬಿದ್ದು, ಕಂಬಗಳು ಮಲಗಿ, ಹಲವು ದಿನ ಕರೆಂಟಿಲ್ಲ. ಪೇಟೆಯ ದೊಡ್ಡ ಅಂಗಡಿಗಳ ಶಟರು ಮೇಲೇಳಲಿಲ್ಲ. ನಾನಾಯ್ ಬೆಳಗಾಗುವಷ್ಟರಲ್ಲಿ ಕಂಡಿ ತೆರೆದು ಕೂತಿದ್ದಳು. ಮೇಣದಬತ್ತಿಯ ಪೊಟ್ಟಣಗಳನ್ನು ಒಡೆದು ಮನೆಗೆ ಎರಡು ಎಂದು ನಿಯಮ ಹಾಕಿದಳು. ಕಾರಿನಲ್ಲಿ ಬಂದ ಒಬ್ಬಾತ ಇದ್ದಬದ್ದ ಬತ್ತಿಯೆಲ್ಲ ಕೊಡಿ, ದುಪ್ಪಟ್ಟು ಕೊಡುತ್ತೇನೆ ಎಂದ. ಅವಳು ಅವನಿಗೂ ಎರಡೇ ಕೊಟ್ಟಳು, ಎಂದಿನ ಬೆಲೆಗೆ. ಬಿಡಿಯಾಗಿ ಮಾರುವುದು ಎಲ್ಲರಿಗೂ ಮುಟ್ಟಿಸುವ ಉಪಾಯವೂ ಹೌದು ಎಂದು ನಾನು ಕಂಡದ್ದು ಅಂದು. 2021ರ ಏಪ್ರಿಲ್‌ನಲ್ಲಿ, ಕೊರೋನಾದ ದಿನಗಳಲ್ಲಿ, ಕ್ವೆಜೋನ್ ಸಿಟಿಯ ಮಾಗಿನ್ಹಾವಾ ಬೀದಿಯಲ್ಲಿ ಪೆಟ್ರೀಷಿಯಾ ನಾನ್ ಎಂಬ ತರುಣಿ ಒಂದು ಬಿದಿರಿನ ಗಾಡಿಯಲ್ಲಿ ಅಕ್ಕಿ, ತರಕಾರಿ ಇಟ್ಟು, ಕೈಲಾದಷ್ಟು ಇಡಿ, ಬೇಕಾದಷ್ಟೇ ಒಯ್ಯಿರಿ ಎಂದು ಬರೆದು ನಿಲ್ಲಿಸಿದಳು. ತಾರ್ಲಾಕ್ ಪ್ರಾಂತ್ಯದ ರೈತರು ಅದಕ್ಕೆ ಗೆಣಸಿನ ಮೂಟೆ ಕಳಿಸಿದರು. ಕೆಲವೇ ದಿನಗಳಲ್ಲಿ ದೇಶದ ಉದ್ದಗಲಕ್ಕೂ ಅಂಥ ನೂರಾರು ಗಾಡಿಗಳು. ಹೊರಗಿನವರು ಆಶ್ಚರ್ಯಪಟ್ಟರು. ನನಗೆ ಆಶ್ಚರ್ಯವಾಗಲಿಲ್ಲ, ತನಗೆ ಬೇಕಾದಷ್ಟನ್ನೇ ಒಯ್ಯುವ ಅಭ್ಯಾಸ ಆ ಬೀದಿಗಳಿಗೆ ಹಳೆಯದು.

ಈ ಅಭ್ಯಾಸಕ್ಕೆ ತಗಡಿನ ಬಣ್ಣದ ಹೊದಿಕೆ ಹಾಕಿದ್ದು ಕಂಪನಿಗಳು. ಶಾಂಪೂವನ್ನು ಪುಟ್ಟ ಸ್ಯಾಷೆಯಲ್ಲಿ ಮಾರುವ ದಾರಿ ತೋರಿದ ಮೊದಲಿಗರಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಒಬ್ಬರು. ಕೂಲಿಯವನಿಗೂ ಕೊಳ್ಳಲು ಆಗಬೇಕೆಂಬುದು ಅವರ ಆಸೆಯಾಗಿತ್ತು. ದೊಡ್ಡ ಕಂಪನಿಗಳು ಅದನ್ನೇ ಹಿಡಿದು ಏಷ್ಯಾದ ಬಡವರ ಬೀದಿಗಳನ್ನೆಲ್ಲ ಹೊಕ್ಕವು. 2019ರಲ್ಲಿ ಪರಿಸರ ಸಂಘಟನೆಯೊಂದು ಮಾಡಿದ ಅಂದಾಜಿನಂತೆ ಫಿಲಿಪೀನ್ಸ್‌ನಲ್ಲಿ ದಿನಕ್ಕೆ ಬಳಸಿ ಎಸೆಯುವ ಸ್ಯಾಷೆ ಸುಮಾರು 16 ಕೋಟಿ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳು ಅಂಟಿಕೊಂಡ ಆ ಚೂರನ್ನು ಗುಜರಿಯವನೂ ಮುಟ್ಟುವುದಿಲ್ಲ. ಮಳೆ ಬಂದರೆ ಚರಂಡಿಗೆ, ಚರಂಡಿಯಿಂದ ಸರೋವರಕ್ಕೆ. 2000ದ ಜುಲೈ 10ರಂದು ಕ್ವೆಜೋನ್ ಸಿಟಿಯ ಪಾಯಾತಾಸ್‌ನ ಕಸದ ಬೆಟ್ಟ ಮಳೆಗೆ ಕುಸಿದು, ಅದರ ಬುಡದಲ್ಲಿ ಆಯ್ದು ಬದುಕುತ್ತಿದ್ದ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ದೇಶಕ್ಕೆ ಘನತ್ಯಾಜ್ಯದ ಕಾನೂನು ಬಂತು. ಸೆಮಿನಾರುಗಳಲ್ಲಿ ಮಾತ್ರ ಬೈಗುಳ ಇಂದಿಗೂ ಸ್ಯಾಷೆ ಕೊಳ್ಳುವ ಹೆಂಗಸಿಗೇ. ನನಗೆ ಸಿಟ್ಟು ಬರುವುದು ಇಲ್ಲಿ. ಅವಳು ಕೇಳಿದ್ದು ಒಂದು ತಲೆಸ್ನಾನಕ್ಕಾಗುವಷ್ಟು ಶಾಂಪೂವನ್ನು. ನೂರು ವರ್ಷ ಕರಗದ ತಗಡನ್ನಲ್ಲ.

ನಾನಾಯ್ ಹುಡುಗಿಯಾಗಿದ್ದಾಗಲೂ ಬಿಡಿ ಖರೀದಿಯೇ ಇತ್ತು. ಅವರಮ್ಮ ಖಾಲಿ ಸೀಸೆ ಕೊಟ್ಟು ಕಳಿಸುತ್ತಿದ್ದಳಂತೆ, ಅಂಗಡಿಯವನು ಪೀಪಾಯಿಯಿಂದ ವಿನೆಗರ್ ಅಳೆದು ಹೊಯ್ಯುತ್ತಿದ್ದನಂತೆ, ಉಪ್ಪುಮೀನನ್ನು ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದನಂತೆ. ಹಾಗೆ ಸೀಸೆಗೆ ಅಳೆದು ಹೊಯ್ಯುವುದು ಮರಳಿ ಬರಲು ಶುರುವಾಗಿದೆ. 2023ರಲ್ಲಿ ಕ್ವೆಜೋನ್ ಸಿಟಿ ಮತ್ತು ಸಾನ್ ಹುವಾನ್‌ನ ಕೆಲವು ಸಾರಿ-ಸಾರಿ ಅಂಗಡಿಗಳಲ್ಲಿ ಬಟ್ಟೆಯ ಸೋಪು, ಪಾತ್ರೆಯ ಸೋಪುಗಳ ದ್ರವವನ್ನು ಡಬ್ಬಿಗಳಲ್ಲಿಟ್ಟು, ಗಿರಾಕಿ ತಂದ ಸೀಸೆಗೆ ಬೇಕಾದಷ್ಟು ತುಂಬಿ ಕೊಡುವ ಏರ್ಪಾಡನ್ನು ಗ್ರೀನ್‌ಪೀಸ್ ಮತ್ತು ನಗರಾಡಳಿತಗಳು ಸೇರಿ ಮಾಡಿದವು. ಪ್ಯಾಕಿಂಗಿನ ಖರ್ಚಿಲ್ಲದ್ದರಿಂದ ಗಿರಾಕಿಗೂ ಉಳಿತಾಯ, ಅಂಗಡಿಯವಳಿಗೂ ಲಾಭ. ಇತ್ತ 2022ರ ಕಾನೂನೊಂದು ದೊಡ್ಡ ಕಂಪನಿಗಳು ತಮ್ಮ ಪ್ಲಾಸ್ಟಿಕ್ ಹೊದಿಕೆಗಳಲ್ಲಿ 2023ರ ಕೊನೆಗೆ ಶೇ. 20ರಷ್ಟನ್ನು, 2028ರ ಹೊತ್ತಿಗೆ ಶೇ. 80ರಷ್ಟನ್ನು ಹಿಂದಕ್ಕೆ ಪಡೆಯಬೇಕು ಎನ್ನುತ್ತದೆ. ಎಸೆದದ್ದನ್ನು ಹೆಕ್ಕುವ ಖರ್ಚಿನಲ್ಲಿ ಒಂದು ಪಾಲನ್ನು ಡಬ್ಬಿ, ನಲ್ಲಿ, ಅಳತೆಯ ಲೋಟಗಳಿಗೆ ಹಾಕಿ ಪ್ರತಿ ಓಣಿಯ ಅಂಗಡಿಗೂ ಕೊಡಲಿ ಎಂಬುದು ನನ್ನ ಆಸೆ. ಅಂಗಡಿಯ ಹೆಂಗಸರ ಹತ್ತಿರ ಆ ಡಬ್ಬಿಗೆ ದುಡ್ಡಿಲ್ಲ, ಇರಬೇಕಾಗಿಯೂ ಇಲ್ಲ; ಸ್ಯಾಷೆ ಮಾರಿ ಬೆಳೆದವರು ಅದನ್ನು ಭರಿಸಲಿ. ಅಳೆದು ಕೊಡುವುದನ್ನು ಆ ಹೆಂಗಸರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.